ಅಳಿಲಿಗೆ ಮಾತು ನಿಂತ ದಿನ

ಕಬ್ಬು ನುರಿಸುವ ಕಾಲ ಬಂತೆಂದರೆ ಆಗೆಲ್ಲ ಹೊಸಪೇಟೆಯ ಗಾಳಿಗೇ ಬೆಲ್ಲದ ವಾಸನೆ ಹತ್ತುತ್ತಿತ್ತು. ಚಿತ್ತವಾಡ್ಗಿಯ ನಮ್ಮ ಓಣಿಯ ಮಕ್ಕಳು ಶಾಲೆ ಬಿಟ್ಟ ಕೂಡಲೇ ಚೀಲ ಎಸೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ದೀಪ ಹಚ್ಚುವ ಹೊತ್ತಿಗೆ ನಮ್ಮಜ್ಜಿಯ ಕಟ್ಟೆಗೆ ಬಂದು ಒತ್ತೊತ್ತಾಗಿ ಕೂರುತ್ತಿದ್ದೆವು. ಕೈಯಲ್ಲಿ ಬಿಸಿ ಮಂಡಕ್ಕಿ ಒಗ್ಗಾಣಿ, ಕಿವಿಯೆಲ್ಲ ಅಜ್ಜಿಯ ಕಡೆ. ನಿಮ್ಮ ಓಣಿಯಲ್ಲೂ ಅಂಥ ಒಬ್ಬ ಅಜ್ಜಿ ಇದ್ದಿರಬೇಕು.

ನಮ್ಮಜ್ಜಿಯ ಕಥೆಗಳಲ್ಲಿ ಸದಾ ಇಬ್ಬರೇ. ಸಂಡೂರು ಗುಡ್ಡದ ಒಂದು ಕರಡಿ, ಅದರ ಗೆಳತಿ ಅಳಿಲು. ಅಳಿಲು ಚುರುಕು, ಯಾವ ಮಾತಿಗೂ ಉತ್ತರ ಅದರ ಬಾಯಲ್ಲೇ ಇರುತ್ತಿತ್ತು. ಕರಡಿಯದು ನಿಧಾನ. ಒಂದು ಮಾತಾಡಬೇಕಾದರೆ ಕೂತು ಯೋಚಿಸಬೇಕು. ಕೇಳಿ ಕೇಳಿ ನಾವೇ ಹೆಸರು ಹಂಚಿಕೊಂಡಿದ್ದೆವು. ವಾಚಾಳಿಯಾದ ನಾನು ಅಳಿಲು. ದಪ್ಪಗೆ, ಮೆತ್ತಗೆ ಇದ್ದ ಪಕ್ಕದ ಮನೆಯ ಹುಲಿಗೆಮ್ಮ ಕರಡಿ. ನಾನು ಹೇಳಿದ್ದಕ್ಕೆಲ್ಲ ಅವಳು ತಲೆಯಾಡಿಸುತ್ತಿದ್ದಳು. ಅದರಲ್ಲಿ ನನಗೊಂದು ಜಂಬವಿತ್ತು.

ಈ ಕಥೆಗಳಲ್ಲೊಂದು ನಮ್ಮ ಟೀಚರ್ ಕಿವಿಗೂ ಬಿತ್ತು. ಶಾಲೆಯ ವರ್ಷದ ಗ್ಯಾದರಿಂಗಿಗೆ ಅದನ್ನೇ ನಾಟಕ ಮಾಡಿಸಿದರು. ಕರಡಿ ಗುಂಡಿಗೆ ಬೀಳುತ್ತದೆ, ಅಳಿಲು ಜಾಣ ಮಾತುಗಳಿಂದ ಕಾಡನ್ನೆಲ್ಲ ಕರೆದು ಅದನ್ನು ಉಳಿಸುತ್ತದೆ. ಮಾತೆಲ್ಲ ನನ್ನವೇ. ಹುಲಿಗೆಮ್ಮ ಅವರಪ್ಪನ ಕರಿ ಕಂಬಳಿ ಹೊದ್ದು ಬೆಂಚಿನ ಹಿಂದೆ ಕೂತು ನರಳಿದರೆ ಸಾಕಿತ್ತು.

ಆ ದಿನ ಪರದೆ ಸರಿಯಿತು. ಮುಂದೆ ಅಷ್ಟು ಮುಖಗಳು. ಮೊದಲ ಸಾಲಿನಲ್ಲಿ ಅಪ್ಪ ಹೊಸ ಅಂಗಿ ತೊಟ್ಟು ಕೂತಿದ್ದ. ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಟೀಚರ್ ಮರೆಯಿಂದ ಪಿಸುಗುಟ್ಟಿ ಹೇಳಿಕೊಟ್ಟರೂ ಬರಲಿಲ್ಲ. ಅಷ್ಟರಲ್ಲಿ ಕಾಲ ಮೇಲೆ ಬೆಚ್ಚಗೆ ಇಳಿಯತೊಡಗಿತು. ಲಂಗ ಒದ್ದೆಯಾಯಿತು. ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಅಪ್ಪ ತಲೆ ತಗ್ಗಿಸಿದ.

ಆಗ ಗುಂಡಿಯಲ್ಲಿರಬೇಕಾದ ಕರಡಿ ಎದ್ದು ಬಂತು. ನನ್ನೆದುರು ನಿಂತು ಕಂಬಳಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಜನ ಕಾಣದಾದರು.

“ಅಳಿಲು ಭಾಳ ಹೆದ್ರೈತಿ. ಅದಕ್ಕ ನಾನೇ ಮ್ಯಾಲ ಬಂದೀನಿ,” ಅಂದಳು.

ಸಭೆ ಮತ್ತೆ ನಕ್ಕಿತು. ಈ ಸಲ ಕರಡಿಯನ್ನು ನೋಡಿ. ಅವಳು ಅದೇ ಕಂಬಳಿಯಲ್ಲಿ ನನ್ನನ್ನು ಸುತ್ತಿ, ಹೆಚ್ಚುಕಡಿಮೆ ಎತ್ತಿಕೊಂಡೇ ಒಳಗೆ ಒಯ್ದಳು.

ಮರುದಿನ ಬೆಳಿಗ್ಗೆ ಆ ಕಂಬಳಿ ತೊಳೆಸಿಕೊಂಡು ಅವರ ಮನೆಯ ಗೋಡೆ ಮೇಲೆ ನೀರು ತೊಟ್ಟಿಕ್ಕುತ್ತ ಬಿದ್ದಿತ್ತು. ಓಣಿಗೆಲ್ಲ ಗೊತ್ತು, ಅದನ್ನು ಯಾಕೆ ತೊಳೆದದ್ದೆಂದು. ಆ ಚಳಿಯಲ್ಲಿ ಅವರಪ್ಪ ಏನು ಹೊದ್ದು ಮಲಗಿದರೋ ಎಂದು ನೆನೆದು ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಜ್ವರದ ನೆಪ ಹೇಳಿ ಮುಸುಕು ಹಾಕಿಕೊಂಡೆ. ಅಜ್ಜಿ ಹಣೆ ಮುಟ್ಟಿ ನೋಡಿ, ಮುಸುಕು ಮತ್ತೆ ಎಳೆದು ಹೋದಳು.

ಸಂಜೆ ಹುಲಿಗೆಮ್ಮ ಬಂದಳು. ನಾನು ಗೋಡೆ ಕಡೆ ತಿರುಗಿದೆ. ನಕ್ಕವರಿಗಿಂತ ಹೆಚ್ಚಾಗಿ, ಕಾಪಾಡಿದವಳ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು. ಹೀಗೂ ಆಗುತ್ತದೆಂದು ಕಥೆಯ ಕರಡಿಯಾಗಲಿ ಅಳಿಲಾಗಲಿ ನಮಗೆ ಹೇಳಿರಲಿಲ್ಲ.

“ನಾ ಇನ್ನ ಅಳಿಲು ಅಲ್ಲ,” ಅಂದೆ.

ಅವಳು ತನ್ನ ರೂಢಿಯಂತೆ ಬಹಳ ಹೊತ್ತು ಯೋಚಿಸಿದಳು.

“ಹಂಗಾದ್ರ ನೀ ಕರಡಿ ಆಗು. ನಾ ಅಳಿಲು ಆಗ್ತೀನಿ. ಮಾತು ನೀನ ಕಲಿಸ್ಕೊಡು.”

ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ. “ಕರಡಿ, ಅಳಿಲು ಅಂತ ಕತಿಗೆ ಹೆಸರಿಟ್ಟಾಕಿ ನಾನು. ನಿಮಗ ಇಟ್ಟಿಲ್ಲಲೇ,” ಅಂದಳು. “ಮನಶ್ಯಾರು ಒಂದಿನ ಅದು, ಒಂದಿನ ಇದು.”

ಮರುದಿನ ಶಾಲೆಗೆ ಹೋದೆ. ಗೇಟಿನ ಹತ್ತಿರ ಹುಡುಗರು ಲಂಗ ಹಿಂಡುವಂತೆ ನಟಿಸಿದರು. ಹುಲಿಗೆಮ್ಮ ನನ್ನ ಎಡಕ್ಕಿದ್ದವಳು ಬಲಕ್ಕೆ ಬಂದು, ಅವರಿಗೂ ನನಗೂ ನಡುವೆ ನಡೆದಳು ಅಷ್ಟೇ. ನನ್ನ ನಾಚಿಕೆ ಹೋಗಲಿಲ್ಲ. ಆದರೆ ಅದನ್ನು ಹೊತ್ತುಕೊಂಡೇ ಅವಳ ಜೊತೆ ನಡೆಯಬಹುದೆಂದು ತಿಳಿಯಿತು.

ಮುಂದೆ ಅವರಪ್ಪನಿಗೆ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿ ಅವರು ಓಣಿ ಬಿಟ್ಟರು. ಅಜ್ಜಿ ತೀರಿಕೊಂಡಳು. ಕಟ್ಟೆ ಒಡೆದು ಬೈಕು ನಿಲ್ಲಿಸಲು ಜಾಗ ಮಾಡಿದೆವು. ಹುಲಿಗೆಮ್ಮ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾಳೆ. ಈಗಲೂ ನಿಧಾನಕ್ಕೇ ಮಾತಾಡುತ್ತಾಳೆ.

ಮೊನ್ನೆ ನಮ್ಮ ಆಫೀಸಿನ ಮೀಟಿಂಗಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಸಾಹೇಬರ ಮುಂದೆ ಮಾತು ತೊದಲಿ ನಿಂತುಬಿಟ್ಟಳು. ನಾವೆಲ್ಲ ಓದಿದವರು, ಸಭ್ಯರು. ಒಬ್ಬರೂ ನಗಲಿಲ್ಲ. ಅವಳಿಗೆ ಎಲ್ಲರಿಗಿಂತ ಹತ್ತಿರ ಕೂತಿದ್ದವಳು ನಾನೇ. ಎದ್ದು ಒಂದು ಮಾತಾಡಿದ್ದರೆ ಸಾಕಿತ್ತು. ನಾನು ಮೊಬೈಲ್ ನೋಡುತ್ತ ಕೂತೆ.