ಸುಮಿಯ ಮೊದಲ ವರ್ಷ

ಸುಮಿಯ ಹೊಲ ಹಾಳು ಮಾಡಿದವಳು ನಾನು. ಹಾಳು ಮಾಡಿ, ‘ನೀನೇ ಮರೆತಿರಬೇಕು’ ಎಂದು ಅವಳ ತಲೆಗೇ ಕಟ್ಟಿದವಳೂ ನಾನೇ. ಹೊಲ ಎಂದರೆ ಮಣ್ಣಿನ ಹೊಲ ಅಲ್ಲ — ಟ್ಯಾಬಿನೊಳಗಿನ ಆಟದ ಹೊಲ. ನಗು ಬಂತೇ? ನಗಿರಿ. ನಾನೂ ಇಷ್ಟು ವರ್ಷ ಹಾಗೇ ನಕ್ಕು ತಪ್ಪಿಸಿಕೊಂಡಿದ್ದೇನೆ.

ಸುಮಿ ನನ್ನ ಗಂಡನ ತಂಗಿ. ನಿರ್ಣಾದ ಗಂಡನ ಮನೆಯಲ್ಲಿ ಬಾಳ್ವೆ ಆಗದೆ ಬಸವಕಲ್ಯಾಣಕ್ಕೆ, ನಮ್ಮ ಮನೆಗೆ, ಬಂದಿದ್ದಳು. ಬಂದ ಹೊಸದರಲ್ಲಿ ಮಾತೇ ಆಡುತ್ತಿರಲಿಲ್ಲ. ಚಹಾ ಇಟ್ಟರೆ ಸಕ್ಕರೆ ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ರುಚಿ ನೋಡುತ್ತಿದ್ದಳು. ನಿನ್ನ ತಲೆಯಲ್ಲಿ ಏನೂ ನಿಲ್ಲುವುದಿಲ್ಲ, ನೀನು ಮುಟ್ಟಿದ್ದೆಲ್ಲ ಕೆಡುತ್ತದೆ — ಅಲ್ಲಿ ದಿನಾ ಅವಳಿಗೆ ಅನ್ನುತ್ತಿದ್ದ ಮಾತಂತೆ ಇದು. ನನಗಿದು ಗೊತ್ತಿತ್ತು. ಗೊತ್ತಿದ್ದೂ — ಇರಲಿ, ಆ ಮಾತಿಗೆ ಬರುತ್ತೇನೆ.

ನನ್ನ ಮಗಳ ಪಾಠಕ್ಕೆಂದು ತಂದಿದ್ದ ಟ್ಯಾಬು ಮೂಲೆ ಸೇರಿತ್ತು. ಅದರಲ್ಲಿದ್ದ ಒಂದು ಆಟ ಸುಮಿಯ ಕೈಗೆ ಹತ್ತಿತು. ಹಾಳುಬಿದ್ದ ಹೊಲ ಒಂದನ್ನು ಕೊಡುತ್ತಾರೆ. ಕಲ್ಲು ಆರಿಸಿ, ಕಳೆ ಕಿತ್ತು, ಬಿತ್ತಿ, ನೀರು ಹಾಕಬೇಕು. ಸಂಜೆಗೆ ಆಟದ ಬೊಂಬೆಯನ್ನು ಮನೆಯೊಳಗೆ ಒಯ್ದು ಮಲಗಿಸಿದರೆ ಒಂದು ದಿನ ಮುಗಿಯಿತು. ಮಲಗಿಸುವವರೆಗೆ ಆ ದಿನ ಹಾಗೇ ನಿಂತಿರುತ್ತದೆ, ಮಲಗಿದ ಮೇಲೆ ಮತ್ತೆ ಹಿಂದಕ್ಕೆ ಬರುವುದಿಲ್ಲ. ಮೊದಲನೇ ವರ್ಷ ದಾಟಿಸುವುದೇ ಕಷ್ಟ, ದಾಟಿಸಿದರೆ ಮುಂದೆ ಹೆದರಿಕೆಯಿಲ್ಲ — ಇದು ಸುಮಿಯ ಮಾತು. ಎರಡು ಆಕಳು ಕಟ್ಟಿದ್ದಳು. ಅವಕ್ಕೆ ಗೌರಿ, ಗಂಗಿ ಎಂದು ಹೆಸರೂ ಇಟ್ಟಿದ್ದಳು.

ನಿಧಾನಕ್ಕೆ ನನ್ನ ಅತ್ತೆಯೂ ಅವಳ ಪಕ್ಕ ಕೂರತೊಡಗಿದರು. ರಾಜೇಶ್ವರದ ಹೊಲದಲ್ಲಿ ಆಯುಷ್ಯವಿಡೀ ದುಡಿದವರು ಅವರು. ಅವರೂ ಕನ್ನಡಕ ಏರಿಸಿಕೊಂಡು, ‘ಆ ಮೂಲ್ಯಾಗ ನೀರು ಬಿದ್ದಿಲ್ಲ ನೋಡ’ ಎನ್ನುವರು. ತಾಯಿ ಮಗಳು ತಲೆಗೆ ತಲೆ ಹಚ್ಚಿ ನಗುವರು. ನಾನು ಅಲ್ಲೇ ಹೊಲಿಗೆ ಮಷೀನಿನ ಮುಂದೆ ಊರವರ ಜಂಪರು ಹೊಲಿಯುತ್ತ ಕೂತಿರುತ್ತಿದ್ದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅತ್ತೆ ನನ್ನ ಪಕ್ಕ ಹೀಗೆ ಕೂತವರಲ್ಲ. ಹೊಟ್ಟೆ ಉರಿಯುತ್ತಿತ್ತು. ಸುಮ್ಮನೆ ಏಕೆ ಸುಳ್ಳು ಹೇಳಲಿ, ಚೆನ್ನಾಗಿಯೇ ಉರಿಯುತ್ತಿತ್ತು.

ಹುಮನಾಬಾದಿನಲ್ಲಿ ಮೌಶಿ, ಅಂದರೆ ಅತ್ತೆಯ ತಂಗಿ, ಮೊಮ್ಮಗನ ತೊಟ್ಟಿಲ ಶಾಸ್ತ್ರ ಇಟ್ಟುಕೊಂಡಿದ್ದರು. ತಾಯಿ ಮಗಳು ಇಬ್ಬರೂ ಹೊರಟರು. ಹೋಗುವಾಗ ಸುಮಿ ಟ್ಯಾಬನ್ನು ಕಪಾಟಿನಲ್ಲಿಟ್ಟು, ‘ವೈನಿ, ಇದನ್ನೊಂದು ಮುಟ್ಟಬ್ಯಾಡ್ರಿ. ಈಗಷ್ಟ ದಿನ ಮಲಗಿಸೀನಿ, ತೆರೆದು ನೋಡಿಲ್ಲ. ಬಂದು ಕುಂಬಳಕಾಯಿ ಕೀಳೋದದ’ ಎಂದಳು. ಅವಳು ಹಾಗೆ ಅಂದದ್ದಕ್ಕೇ ನನ್ನ ಕೈ ತುರಿಸಿತೋ ಏನೋ.

ಮರುದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಟ್ಯಾಬು ತೆರೆದೆ. ಒಂದು ಪಟ್ಟಿಯಲ್ಲಿ ಕುಂಬಳ ಬಿಟ್ಟಿತ್ತು, ಕೆಂಪಗೆ, ದುಂಡಗೆ. ಉಳಿದ ಹೊಲವೆಲ್ಲ ಖಾಲಿ. ಕೈಯಲ್ಲಿ ನಾಣ್ಯ ಇಟ್ಟುಕೊಂಡು ಹೊಲ ಬೀಳು ಬಿಟ್ಟಿದ್ದಾಳಲ್ಲ, ಎಂಥ ಮೈಗಳ್ಳಿ ಎಂದುಕೊಂಡೆ. ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ಹಿಂಗಾರಿಗೆ ಜೋಳ, ಕಡಲೆ, ಗೋಧಿ ಬಿತ್ತುತ್ತೇವೆ. ಚಳಿ ಬಿದ್ದಷ್ಟೂ ಕಡಲೆ ಸೊಂಪು. ನಾನೂ ರೈತರ ಮನೆಯ ಮಗಳೇ, ಕೊಡಂಬಲದವಳು. ಇದ್ದ ನಾಣ್ಯವನ್ನೆಲ್ಲ ಹಾಕಿ ಗೋಧಿ ಬೀಜ ಕೊಂಡೆ, ಸಾಲು ಹಿಡಿದು ಬಿತ್ತಿದೆ, ನೀರು ಹಾಕಿದೆ. ಕುಂಬಳ ಮುಟ್ಟಲಿಲ್ಲ — ಬಳ್ಳಿ ಇನ್ನೂ ಹಸಿರಿತ್ತು, ಬಳ್ಳಿ ಒಣಗದೆ ಯಾರಾದರೂ ಕೀಳುತ್ತಾರೆಯೇ? ಅತ್ತೆ ಬಂದು ನೋಡಿ ಬೆರಗಾಗಲಿ ಎಂದುಕೊಂಡು ಆ ದಿನವನ್ನು ಮಲಗಿಸಿದೆ.

ಆಟದಲ್ಲಿ ಬೆಳಗಾದಾಗ ತೆರೆಯ ತುಂಬ ಹಿಮ. ನನ್ನ ಗೋಧಿ ಸತ್ತಿತ್ತು. ಅವಳ ಕುಂಬಳವೂ ಸತ್ತಿತ್ತು, ಒಂದು ಬಿಡದೆ. ಆ ಆಟದಲ್ಲಿ ಚಳಿಗಾಲ ಕಾಲಿಟ್ಟ ದಿನ ಹೊಲದಲ್ಲಿದ್ದುದೆಲ್ಲ ಸಾಯುತ್ತದೆ. ಚಳಿಗೆ ಮುಂಚೆ ಕುಂಬಳ ಮಾರಿ ಆಕಳಿಗೆ ಮೇವು ಕೂಡಿಸಬೇಕು ಎಂದು ಸುಮಿ ತಾಯಿಗೆ ಹೇಳುತ್ತಿದ್ದುದನ್ನು ಮಷೀನಿನ ಸದ್ದಿನಲ್ಲಿ ನಾನು ಅರ್ಧ ಕೇಳಿಸಿಕೊಂಡಿದ್ದೆ. ಈಗ ಮೇವಿಲ್ಲ, ನಾಣ್ಯವಿಲ್ಲ. ಗೌರಿ, ಗಂಗಿ ಖಾಲಿ ಗೋದಲಿಯ ಮುಂದೆ ನಿಂತಿದ್ದವು. ಅಯ್ಯೋ ದೇವರೇ ಎಂದು ಟ್ಯಾಬು ಆರಿಸಿ, ಇದ್ದಲ್ಲೇ ಇಟ್ಟು, ಕಪಾಟು ಮುಚ್ಚಿದೆ.

ಇಲ್ಲಿಯವರೆಗಿನದು ತಿಳಿಯದೆ ಆದದ್ದು. ಅದನ್ನು ನಾನು ತಪ್ಪೊಪ್ಪಿಗೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಂದಿನದು ತಿಳಿದೇ ಮಾಡಿದ್ದು.

ಸುಮಿ ಬಂದವಳೇ ಕೈಕಾಲು ಕೂಡ ತೊಳೆಯದೆ ಟ್ಯಾಬು ತೆರೆದಳು. ನೋಡುತ್ತ ನೋಡುತ್ತ ಅವಳ ಮುಖ — ನಿರ್ಣಾದಿಂದ ಬಂದ ದಿನ ಹೇಗಿತ್ತೋ ಹಾಗಾಯಿತು. ಅತ್ತೆ, ನನ್ನ ಗಂಡ ಇಬ್ಬರೂ ಅಲ್ಲೇ ಇದ್ದರು.

‘ವೈನಿ, ಯಾರರ ಮುಟ್ಟಿದ್ರೇನ್ರಿ?’

‘ನಮಗೇನ್ ತಿಳೀತದವ್ವ ನಿನ್ನ ಆಟ? ಹೋಗೋ ಗಡಿಬಿಡ್ಯಾಗ ನೀನೇ ಏನರ ಒತ್ತಿರಬೇಕು. ಕೀಳೋದು ಮರ್ತಿರಬೇಕು.’

ಅವಳು ಜಗಳ ಆಡಿದ್ದರೆ ಒಳ್ಳೆಯದಿತ್ತು. ನಾನೂ ಎರಡು ಮಾತು ಅಂದು, ಆಮೇಲೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಅವಳು ತಲೆಯಾಡಿಸಿ, ‘ಹೌದ್ರಿ, ಇರಬೇಕು. ನನ್ನ ತಲ್ಯಾಗ ಏನೂ ನಿಲ್ಲಂಗಿಲ್ಲ’ ಎಂದಳು. ಆ ಮಾತು ಯಾರದು ಎಂದು ನನಗೆ ಗೊತ್ತಿತ್ತು. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.

ಆ ಯುಗಾದಿಗೆ ರಾಜೇಶ್ವರದ ಹೊಲವನ್ನು ಪಾಲಿಗೆ ಮಾಡುತ್ತಿದ್ದವನು ಬಿಟ್ಟ. ಅತ್ತೆ ಊಟಕ್ಕೆ ಕೂತಾಗ ಮಗಳಿಗೆ, ‘ಸುಮಿ, ಹೊಲ ಇನ್ನ ನೀನ ನೋಡ್ಕೋ. ನಾ ಸಂಗಾಟ ಬರ್ತೀನಿ, ಎಲ್ಲಾ ಹೇಳಿ ಕೊಡ್ತೀನಿ’ ಎಂದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತಿತು.

‘ಬ್ಯಾಡವ್ವ,’ ಎಂದಳು ಸುಮಿ. ‘ಆಟದಾಗಿನ ಹೊಲಾನೇ ಒಂದ್ ವರ್ಷ ದಾಟಿಸ್ಲಿಕ್ಕೆ ಆಗಲಿಲ್ಲ ನನಗ. ಖರೇ ಹೊಲ ಹಾಳ ಮಾಡ್ಲೇನು?’

ಆಗ ಹೇಳಬೇಕಿತ್ತು. ಒಂದು ಮಾತು ಸಾಕಿತ್ತು. ನಾನು ಮತ್ತೆ ರೊಟ್ಟಿ ಬಡಿಯತೊಡಗಿದೆ. ಮತ್ತೆ ಇದನ್ನೂ ಬರೆದೇ ಬಿಡುತ್ತೇನೆ — ನನಗೆ ಒಳಗೊಳಗೇ ಹಗುರಾಯಿತು. ಹೊಲ ಅವಳ ಕೈಗೆ ಹೋದರೆ ಮುಂದೆ ಅವಳದೇ ಆದೀತು ಎಂಬ ಹೆದರಿಕೆ ನನ್ನಲ್ಲಿತ್ತು. ಹೆದರಿ ಸುಮ್ಮನಿದ್ದೆನೋ, ನಾಚಿ ಸುಮ್ಮನಿದ್ದೆನೋ, ಇವತ್ತಿಗೂ ಬಿಡಿಸಿ ಹೇಳಲಾರೆ. ಹೊಲ ಮತ್ತೊಬ್ಬರ ಪಾಲಿಗೆ ಹೋಯಿತು. ಸುಮಿ ಹುಮನಾಬಾದಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಒಂದು ಬಾಡಿಗೆ ಖೋಲಿ ಹಿಡಿದಳು.

ಈ ಸಲದ ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿದ್ದೆವು. ಭಜ್ಜಿ, ಸಜ್ಜಿರೊಟ್ಟಿ ಹಂಚಿಕೊಂಡು ಕೂತಾಗ ನನ್ನ ಮಗಳು, ‘ಆತ್ಯಾ, ನೀ ಯಾಕ ಹೊಲ ಮಾಡಲಿಲ್ಲ?’ ಎಂದು ಕೇಳಿಬಿಟ್ಟಳು. ಸುಮಿ ನಕ್ಕಳು. ‘ನಾ ಟ್ಯಾಬಿನ್ಯಾಗ ಮಾಡಿದ್ದು ನೋಡಿಲ್ಲೇನು? ಎರಡು ಆಕಳಾ ಉಪವಾಸ ಕೆಡವಿದಾಕಿ ನಾ!’ ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೋದ ವಾರ ಗಂಡನಿಗೆ ಏನೋ ನೆಪ ಹೇಳಿ ಹುಮನಾಬಾದಿನ ಬಸ್ಸು ಹತ್ತಿದೆ. ಅವಳ ರಜೆಯ ದಿನ. ಚಾಪೆ ಹಾಸಿ ಕೂಡಿಸಿದಳು. ನೀರು ಕೂಡ ಕುಡಿಯದೆ ಎಲ್ಲ ಹೇಳಿದೆ — ಗೋಧಿ, ಹಿಮ, ಕಪಾಟು, ಆ ಮಾತು, ರೊಟ್ಟಿ ಬಡಿಯುತ್ತ ಸುಮ್ಮನಿದ್ದದ್ದು. ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕೂತೆ.

ಅವಳು ಕೇಳಿದ್ದು ಬೇರೆಯೇ. ‘ವೈನಿ, ಕುಂಬಳಕಾಯಿ ಹಣ್ಣಾಗಿದ್ವೇನ್ರಿ?’

‘ಎಲ್ಲಾ ಹಣ್ಣಾಗಿದ್ವು ಸುಮಿ. ಒಂದೂ ಕಾಯಿ ಇದ್ದಿಲ್ಲ.’

‘ಅಂದ್ರ ನಾ ದಾಟಿಸ್ತಿದ್ದೆ,’ ಎಂದಳು. ಮತ್ತೊಮ್ಮೆ, ತನಗೇ ಎಂಬಂತೆ, ‘ದಾಟಿಸ್ತಿದ್ದೆ ನಾ.’ ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ಕೈ ಹಿಡಿಯಲು ಹೋದರೆ ಕೈ ಎಳೆದುಕೊಂಡಳು.

ಕಣ್ಣು ಒರೆಸಿಕೊಂಡು, ‘ನನಗೊಬ್ಬಾಕಿಗೆ ಯಾಕ ಹೇಳಾಕತ್ತೀರಿ? ಅವತ್ತ ಅವ್ವ, ಅಣ್ಣ ಎಲ್ಲಾರ ಮುಂದ ಅಂದ್ರಿ. ಅವರ ಮುಂದನ ಹೇಳ್ರಿ’ ಎಂದಳು. ಹೊಲ ಮಾಡುತ್ತೀಯಾ ಎಂದು ಕೇಳಬೇಕೆಂದು ಹೋಗಿದ್ದೆ. ಕೇಳದೆ ಎದ್ದು ಬಸ್ಸು ಹಿಡಿದು ಬಂದೆ.

ಯುಗಾದಿ ಹತ್ತಿರ ಬಂತು. ಹೊಲ ಯಾರಿಗೆ ಎಂಬ ಮಾತು ಮನೆಯಲ್ಲಿ ಮತ್ತೆ ಎದ್ದಿದೆ. ಈ ಭಾನುವಾರ ಸುಮಿ ಬರುತ್ತಾಳೆ. ಅವಳನ್ನೂ ಕೂಡಿಸಿಕೊಂಡು, ಎಲ್ಲರ ಮುಂದೆ ಹೇಳುತ್ತೇನೆ. ನನ್ನ ಗಂಡ ನನ್ನನ್ನು ಉಳಿಸಲೆಂದು, ‘ಹೋಗಲಿ ಬಿಡು, ಆಟ ಅದು’ ಎನ್ನಬಹುದು. ಆಟವಾಗಿರಲಿಲ್ಲ ಎಂದು ಅವರಿಗೆ ಹೇಳಬೇಕಾದವಳೂ ನಾನೇ.