ಗೌರಕ್ಕನ ಮರದ ಅಣಬೆ

ಹಾಲಿನ ಪ್ಯಾಕೆಟ್ಟಿಗೆ ಮೂರು ಸ್ನಾನ ಮಾಡಿಸುವವರನ್ನು ನಾನು ಈ ಜನ್ಮದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಮೊದಲು ತೊಳೆದ ನೀರು ಚಹಾಕ್ಕೆ, ಎರಡನೆಯದು ಬೆಕ್ಕಿಗೆ, ಮೂರನೆಯದು ಬಸಳೆಯ ಬುಡಕ್ಕೆ. ಆಮೇಲೆ ಆ ಪ್ಯಾಕೆಟ್ಟನ್ನು ರವಿಕೆಯಂತೆ ದಾರದ ಮೇಲೆ ಒಣಹಾಕಿ, ಒಣಗಿದ ಮೇಲೆ ಅದರಲ್ಲಿ ಹಪ್ಪಳ ಕಟ್ಟಿಡುತ್ತಿದ್ದಳು. ಅವಳೇ ಗೌರಕ್ಕ. ಹಳದೀಪುರದಲ್ಲಿ ನಮ್ಮ ಮನೆಯ ಬೇಲಿಯಾಚೆ ಒಬ್ಬಳೇ ಇದ್ದಳು. ಹಪ್ಪಳ ಮತ್ತು ಸಾರಿನ ಹುಳಿಗೆಂದು ಒಣಗಿಸಿದ ಮುರುಗಲ ಹಣ್ಣಿನ ಸಿಪ್ಪೆ ಮಾರಿ ಬದುಕಿದವಳು.

ಅವಳ ಅಡುಗೆಮನೆಯಲ್ಲಿ ಒಂದು ಬೆಂಕಿಕಡ್ಡಿಗೆ ಒಂದೇ ಸಲ ಸಾಯುವ ಭಾಗ್ಯ ಇರಲಿಲ್ಲ. ಉರಿದ ಕಡ್ಡಿಯನ್ನು ಡಬ್ಬಿಯಲ್ಲಿಟ್ಟು, ಒಂದು ಒಲೆಯಿಂದ ಇನ್ನೊಂದಕ್ಕೆ ಬೆಂಕಿ ದಾಟಿಸುವುದಕ್ಕೆ ಮತ್ತೆ ತೆಗೆಯುವಳು. ಹೀರೇಕಾಯಿಯ ಸಿಪ್ಪೆ ಚಟ್ನಿಯಾಗುತ್ತಿತ್ತು, ಕಲ್ಲಂಗಡಿಯ ಬಿಳಿ ಭಾಗ ದೋಸೆಯಾಗುತ್ತಿತ್ತು. ಎಣ್ಣೆ ಬಾಟಲಿ ಖಾಲಿಯಾದರೆ ಎರಡು ದಿನ ತಲೆಕೆಳಗಾಗಿ ನಿಲ್ಲಬೇಕು. "ಗೌರಕ್ಕನ ಮನೆ ಕಸದ ಬುಟ್ಟಿ ಹಸಿವಿನಿಂದ ಸತ್ತೇ ಹೋಗಿರಬೇಕು" ಎಂದು ನನ್ನ ಅಪ್ಪ ತಮಾಷೆ ಮಾಡುತ್ತಿದ್ದರು. ಅವಳು ಬೇಲಿಯಾಚೆಯಿಂದಲೇ, "ನಗ್ರಿ, ನಗ್ರಿ. ನಗೂಕೆ ಎಂತ ಖರ್ಚದೆ?" ಎನ್ನುವಳು. ಹಾಗಂತ ಕೈ ಬಿಗಿಯೇ? ಛೇ, ಛೇ. ಬಿಸಿಲಲ್ಲಿ ಬಂದವರಿಗೆ ದೊಡ್ಡ ಲೋಟದ ತುಂಬ ಮುರುಗಲ ಪಾನಕ ಕೊಡದೆ ಕಳಿಸಿದವಳಲ್ಲ. ಲೋಟದ ತಳದಲ್ಲಿ ಒಂದು ಗುಟುಕು ಉಳಿಸಿದಿರೋ, ಅಷ್ಟೇ, ಅದನ್ನು ಕುಡಿಯುವ ತನಕ ಮೆಟ್ಟಿಲು ಇಳಿಯಲು ಬಿಡುತ್ತಿರಲಿಲ್ಲ.

ಆ ಪಾನಕದ ಜೊತೆ ಒಂದು ಪರೀಕ್ಷೆಯೂ ಇರುತ್ತಿತ್ತು. ಯಾರೇ ಬರಲಿ, ಗೌರಕ್ಕ ಸೆರಗಿನೊಳಗಿಂದ ಒಂದು ವಿಚಿತ್ರ ವಸ್ತು ತೆಗೆದು ಅವರ ಮಡಿಲಿಗೆ ಹಾಕುವಳು. "ಇದು ಎಂತ? ಹೇಳು ನೋಡ್ವಾ. ಮೂರೇ ಸಲ." ಸರಿಯಾಗಿ ಹೇಳಿದರೆ ಆ ವಸ್ತು ಹೇಳಿದವರಿಗೆ. ಮೂರೂ ತಪ್ಪಿದರೆ ಹೆರೆಮಣೆಯ ಮೇಲೆ ಕೂತು ಒಂದು ಕಾಯಿ ಹೆರೆದುಕೊಡಬೇಕು. ವಸ್ತುಗಳೆಲ್ಲ ಅವಳೇ ಹಾಳುಮೂಳಿನಿಂದ ಮಾಡಿದವು, ಹಾಗಾಗಿ ಗೆಲ್ಲುವವರು ಕಡಿಮೆ, ಅವಳಿಗೆ ಕಾಯಿತುರಿಗೆ ಬರವಿಲ್ಲ. ಗ್ಯಾಸ್ ಸಿಲಿಂಡರ್ ತಂದವನೂ ಒಮ್ಮೆ ಸೋತು, ಯೂನಿಫಾರ್ಮಿನಲ್ಲೇ ಕೂತು ಅರ್ಧ ಕಾಯಿ ಹೆರೆದು ಹೋದ. ಉಳಿದರ್ಧ ಮುಂದಿನ ಸಿಲಿಂಡರಿಗೆ ಬಾಕಿ!

ನಾನು ಮೊದಲು ಸೋತದ್ದು ಮೂರನೇ ಇಯತ್ತೆಯಲ್ಲಿ. ಮುರಿದ ಕೊಡೆಯ ಕಡ್ಡಿ, ಅದರ ತುದಿಗೆ ಕಟ್ಟಿದ ಚಮಚ. ಗಾಳ ಎಂದೆ, ಜೇಡರ ಬಲೆ ತೆಗೆಯುವುದು ಎಂದೆ, ಕೊನೆಗೆ ಬೆನ್ನು ತುರಿಸಿಕೊಳ್ಳುವುದು ಎಂದೆ. ಗೌರಕ್ಕ ಬಿದ್ದೂ ಬಿದ್ದೂ ನಕ್ಕಳು. "ಉಪ್ಪಿನಕಾಯಿ ಭರಣಿ ತಳದಲ್ಲಿ ಕಡೇ ಮಿಡಿ ಒಂದು ಅಡಗಿ ಕೂತಿರ್ತದೆ ನೋಡು, ಅದ್ನ ಎಬ್ಬಿಸಿ ತರೂಕೆ. ಹೋಗು, ಕಾಯಿ ಹೆರಿ." ಬೆರಳು ಕೆತ್ತಿಕೊಂಡು ಅಳುತ್ತ ಮನೆಗೆ ಬಂದೆ. ಮರುದಿನ ಮತ್ತೆ ಹೋದೆ. ಆಡದೆ ಇರಲು ಆಗುತ್ತಿರಲಿಲ್ಲ.

ಇವೆಲ್ಲದರ ನಡುವೆ ಅವಳು ಮಾಡದ ವಸ್ತು ಒಂದಿತ್ತು. ಮರದ ಅಣಬೆ. ಅಂಗೈಯಷ್ಟು ಅಗಲದ, ನುಣ್ಣನೆ ಗುಂಡು ತಲೆ. ಕೆಳಗೆ ಗಿಡ್ಡ ಹಿಡಿಕೆ. ಅದನ್ನು ಕೇಳಿದಾಗ ಗೆದ್ದವರೇ ಇಲ್ಲ. ಬೇಳೆ ಅರೆಯುವುದು ಎಂದರು, ಚಪಾತಿ ಒತ್ತುವುದು ಎಂದರು, ನಮ್ಮ ಶಾಲೆಯ ಮಾಸ್ತರರು ಗಂಟೆ ಬಡಿಯುವ ಕೊಡತಿ ಎಂದರು. ಅವರೂ ಕಾಯಿ ಹೆರೆದರು. "ಹಂಗಾದ್ರೆ ಎಂತ ಅದು?" ಎಂದು ಕೇಳಿದರೆ, "ಅಷ್ಟು ಬೇಗ ಹೇಳಿದ್ರೆ ಆಟ ಎಂತದು ಮಾರಾಯ್ತಿ?" ಎಂದು ಅದನ್ನು ಸೆರಗಿನೊಳಗೆ ಸೇರಿಸುವಳು. ಬೇರೆ ವಸ್ತುಗಳು ಮಾಡಿನ ಕೆಳಗೆ ಗೋಣಿಯಲ್ಲಿರುತ್ತಿದ್ದವು, ಇದು ಮಾತ್ರ ದೇವರ ಗೂಡಿನ ಪಕ್ಕ ಇರುತ್ತಿತ್ತು.

ನನಗೆ ಭಟ್ಕಳದ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿ, ಮದುವೆಯಾಗಿ ಹೊನ್ನಾವರದಲ್ಲಿ ಮನೆ ಮಾಡಿದ ಮೇಲೂ ತವರಿಗೆ ಬಂದಾಗೆಲ್ಲ ಗೌರಕ್ಕನ ಜಗಲಿಗೆ ಹಾಜರಿ ತಪ್ಪುತ್ತಿರಲಿಲ್ಲ. ಕಳೆದ ವರ್ಷ ಒಂದು ದಿನ ಮತ್ತೆ ಅದೇ ಅಣಬೆ, ಮತ್ತೆ ಸೋಲು. ನನಗೆ ಸಿಟ್ಟು ಬಂತು. "ಗೌರಕ್ಕ, ಮೂವತ್ತು ವರ್ಷದಿಂದ ಹೆರೀತಾ ಇದ್ದೆ. ಇವತ್ತು ನೀನು ಹೇಳದೆ ನಾನು ಹೆರೆಮಣೆ ಮುಟ್ಟೂದಿಲ್ಲ."

ಅವಳು ನಗಲಿಲ್ಲ. "ಗೊತ್ತಿದ್ರೆ ಕೇಳ್ತಿದ್ನನೇ ತಂಗಿ?" ಎಂದಳು.

ಆಗ ಹೇಳಿದಳು. ಮದುವೆಯಾದ ಎರಡನೇ ವರ್ಷ ಗಂಡ ಮುಂಬಯಿಯ ಹೋಟೆಲ್ ಕೆಲಸಕ್ಕೆ ಹೊರಟರು. ಬಸ್ಸಿಗೆ ಟ್ರಂಕು ಎತ್ತಿಕೊಡುವಾಗ ಅದರ ಮೊಳೆ ಸಿಕ್ಕಿ ಇವಳ ಮದುವೆಯ ಸೀರೆ ಪರ್ರೆಂದು ಹರಿಯಿತು. ನಾಲ್ಕು ಜನರ ಎದುರು ನಾಚಿಕೆಯಾಗಿ ಹರಿದದ್ದನ್ನು ಮಡಿಕೆಯೊಳಗೆ ಮುಚ್ಚಿಕೊಂಡಳು. "ಅವರು ತಿರುಗಿ ಸೈತ ನೋಡ್ಲಿಲ್ಲೆ. ಬಸ್ಸು ಹತ್ತಿದ್ರು, ಹೋದ್ರು." ಕೆಲವು ತಿಂಗಳ ಮೇಲೆ ಕುಮಟೆಯ ಯಾರೋ ಒಬ್ಬರು ಮುಂಬಯಿಯಿಂದ ಬರುವಾಗ ಪೇಪರಿನಲ್ಲಿ ಸುತ್ತಿದ ಈ ಅಣಬೆ ತಂದುಕೊಟ್ಟರು. ಚೀಟಿ ಇಲ್ಲ. 'ಎಂತ ಅಂತ ಬಂದಾಗ ಹೇಳ್ತೆ' ಎಂದು ಗಂಡ ಹೇಳಿಕಳಿಸಿದ್ದರು, ಅಷ್ಟೇ. ಬರಲಿಲ್ಲ. ಬಂದದ್ದು ಜ್ವರದಲ್ಲಿ ತೀರಿಕೊಂಡ ಸುದ್ದಿ.

"ನಾದಿನಿ ಆವಾಗ್ಲೇ ಅಂದ್ಲು, ಫುಟ್‌ಪಾತಲ್ಲಿ ಬಿದ್ದ ಕಸ ಹೆಕ್ಕಿ ಕಳ್ಸಿದ್ದಾನೆ, ನಿನ್ನ ನೆನಪು ಅವನಿಗೆ ಎಲ್ಲಿ ಅಂತ. ಅದೇ ಮಾತು ಈಗ್ಲೂ ಇಲ್ಲಿ ಚುಚ್ತದೆ." ಎದೆಯ ಮೇಲೆ ಬೆರಳಿಟ್ಟು ತೋರಿಸಿದಳು. "ಕಸವೋ, ನಂಗೆ ಅಂತ ಕಳ್ಸಿದ್ದೋ, ಅಷ್ಟು ಗೊತ್ತಾದ್ರೆ ಸಾಕಿತ್ತು."

ಆ ದಿನ ನಾನು ಎರಡು ಕಾಯಿ ಹೆರೆದೆ. ಊರವರೆಲ್ಲ ಆಟ ಎಂದುಕೊಂಡದ್ದು ಅವಳಿಗೆ ಆಟವಾಗಿರಲೇ ಇಲ್ಲ. ಹಾದಿಹೋಕರನ್ನೆಲ್ಲ ಕರೆದು ಪಾನಕ ಕೊಟ್ಟು ಅವಳು ತನ್ನ ಗಂಡನ ಮನಸ್ಸು ಕೇಳುತ್ತಿದ್ದಳು.

ಅಣಬೆಯ ಫೋಟೋ ತೆಗೆದುಕೊಂಡು ಬಂದೆ. ಮೊಬೈಲಿಗೆ ಹಾಕಿ ಹುಡುಕಿದರೆ ಆ ಪುಣ್ಯಾತ್ಮ ಯಂತ್ರ ನನಗೆ ಅಣಬೆ ಪಲ್ಯ ಮಾಡುವ ಬಗೆಯನ್ನು ಕಲಿಸಿತು. ಮಳೆಗಾಲ ಕಳೆಯುವ ತನಕ ಕಂಡಕಂಡವರಿಗೆ, ಕೊನೆಗೆ ಕಚೇರಿಯಲ್ಲೂ ತೋರಿಸಿದೆ. ನನ್ನ ಪಕ್ಕದ ಮೇಜಿನ ನಸ್ರೀನ್ ಭಟ್ಕಳದ ಹತ್ತಿರದ ಜಾಲಿ ಊರಿನವಳು. ಅವಳು ಫೋಟೋವನ್ನು ಮನೆಗೆ ಒಯ್ದು ತನ್ನ ತಾಯಿಗೆ ತೋರಿಸಿದಳು. ಮರುದಿನ ಬಾಗಿಲಲ್ಲೇ ಕೂಗಿದಳು, "ಮೇಡಂ, ಸಿಕ್ತು! ನಮ್ಮಮ್ಮ ಕನ್ನಡಕ ಸೈತ ಹಾಕ್ಲಿಲ್ಲ. ಇದು ರಫೂ ಮಾಡೂದು, ನಮ್ಮಪ್ಪನ ಹತ್ರ ಇಂಥದೇ ಇತ್ತು ಅಂದ್ರು." ಅವಳ ಅಜ್ಜ ಮುಂಬಯಿಯಲ್ಲಿ ರಫೂ ಅಂಗಡಿಯಲ್ಲಿದ್ದವರಂತೆ. ಹರಿದ ಜಾಗವನ್ನು ಆ ಗುಂಡು ತಲೆಯ ಮೇಲೆ ಎಳೆದು ಹಿಡಿದು, ಎಳೆಗೆ ಎಳೆ ಹೆಣೆದು, ಹರಿದದ್ದೇ ತಿಳಿಯದಂತೆ ಕೂಡಿಸುವುದು.

ಆ ಭಾನುವಾರವೇ ಹಳದೀಪುರಕ್ಕೆ ಓಡಿದೆ. ಗೌರಕ್ಕ ಮಲಗಿದ್ದಳು, ಮಳೆಗಾಲದಿಂದ ಅವಳಿಗೆ ನಡೆಯಲು ಆಗುತ್ತಿರಲಿಲ್ಲ. ನನ್ನ ಮುಖ ನೋಡಿದ್ದೇ ತಿಳಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿದಳು.

"ತಡಿ. ಹೇಳ್ಬೇಡ. ನಂಗೂ ಮೂರು ಸಲ ಅದೆ."

ಅಣಬೆಯನ್ನು ಎದೆಯ ಮೇಲಿಟ್ಟುಕೊಂಡು ತಿರುಗಿಸಿದಳು. ಔಷಧಿ ಅರೆಯುವುದೋ ಎಂದಳು, ಅಲ್ಲ ಎಂದೆ. ಟೊಪ್ಪಿ ಇಡುವುದೋ ಎಂದಳು, ಅಲ್ಲ ಎಂದೆ. "ಒಂದು ಸುಳಿವು ಕೊಡೇ." ಒಲೆಯ ಹತ್ತಿರ ತೂತುಬಿದ್ದ ಮಸಿಬಟ್ಟೆ ಇತ್ತು. ಅದರ ತೂತನ್ನು ಅಣಬೆಯ ತಲೆಯ ಮೇಲೆ ಎಳೆದು ಹಿಡಿದು, ಅವಳ ಕಣ್ಣೆದುರು ಸೂಜಿ ಆಡಿಸಿದಂತೆ ಬೆರಳು ಆಡಿಸಿದೆ.

ಮೂರನೇ ಸಲ ಅವಳಿಗೆ ಮರೆತೇ ಹೋಯಿತು. ಅವಳು ಆ ತೂತನ್ನೇ ನೋಡುತ್ತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಕಂಡಿದ್ರು ಹಂಗಾದ್ರೆ," ಎಂದಳು. "ಸೀರೆ ಹರಿದದ್ದು ಕಂಡಿದ್ರು. ಅವರು ನೋಡ್ಲಿಲ್ಲೆ ಅಂತ್ಲೇ ನಾ ಮಾಡಿದ್ದೆ."

ಪೆಟ್ಟಿಗೆಯ ತಳದಲ್ಲಿದ್ದ ಆ ಸೀರೆಯನ್ನು ತೆಗೆಸಿದಳು. ಬಣ್ಣ ಹೋಗಿದ್ದರೂ ಹರಿದದ್ದು ಹಾಗೇ ಇತ್ತು. ಬಟನ್ ಕಿತ್ತ ರವಿಕೆಯನ್ನೂ ಬಿಡದವಳು ಇದೊಂದನ್ನು ಮಾತ್ರ ಹೊಲಿಯದೆ ಬಿಟ್ಟಿದ್ದಳು. ಸೂಜಿದಾರದ ಡಬ್ಬಿ ತೋರಿಸಿದಳು, ಜಾಲಿಯ ನಸ್ರೀನಳ ತಾಯಿ ಅಣಬೆಯ ಗುರುತು ಹಿಡಿದದ್ದನ್ನು ಹೇಳುತ್ತ ನಾನೇ ಕೂತು ಹೆಣೆದೆ. ನನಗೆ ರಫೂ ಎಲ್ಲಿ ಬರಬೇಕು! ಬೆಳಕಿಗೆ ಹಿಡಿದು ನೋಡಿ, "ಮೀನುಬಲೆ ಹಂಗೆ ಅದೆ," ಎಂದಳು. "ಆತು, ಕೂಡ್ತಲ್ಲ, ಸಾಕು."

ಆಮೇಲೆ ಅಣಬೆಯನ್ನು ನನ್ನ ಕೈಗೆ ಕೊಟ್ಟಳು. "ಜಾಲಿಯ ಅಮ್ಮನಿಗೆ ಮುಟ್ಸು. ಹೇಳ್ದೋರಿಗೆ ವಸ್ತು."

"ಹುಚ್ಚಾ ಗೌರಕ್ಕ? ನಿನ್ನ ಗಂಡ ಕಳಿಸಿದ್ದಲ್ಲವೇ ಇದು?"

"ಕಳ್ಸಿದ್ದು ಹೊಲೀಲಿ ಅಂತ. ಹೊಲಿದಾತು. ಇನ್ನು ಅದು ಸುಮ್ನೆ ಕೂತ್ರೆ ದಂಡ." ಸೀರೆಯನ್ನು ಮಡಚಿ ತಲೆದಿಂಬಿನ ಕೆಳಗೆ ಇಡಿಸಿದಳು. "ಮತ್ತೆ ನೋಡು ತಂಗಿ, ನಾ ಹೋದಾಗ ಹೊಸ ಸೀರೆ ತಂದು ಬೆಂಕಿಗೆ ಹಾಕ್ಬೇಡಿ. ಇದೇ ಸಾಕು." ಮರುಗಳಿಗೆಯೇ ಹಳೆಯ ಗೌರಕ್ಕನಾಗಿ ಗದರಿದಳು, "ಎಂತ ನೋಡ್ತಾ ಕೂತೆ? ಹೇಳಿದ್ದು ಜಾಲಿಯವ್ರು, ನೀನಲ್ಲ. ಹೋಗು, ಕಾಯಿ ಹೆರಿ." ಕಣ್ಣೀರು ಒರೆಸಿಕೊಳ್ಳುತ್ತ ಹೆರೆದೆ. ನಾನು ಅವಳಿಗೆ ಹೆರೆದುಕೊಟ್ಟ ಕೊನೆಯ ಕಾಯಿ ಅದು.

ದೀಪಾವಳಿಗೆ ನಾಲ್ಕು ದಿನ ಇರುವಾಗ ಗೌರಕ್ಕ ಹೋದಳು. ಅಣಬೆ ಜಾಲಿಯಲ್ಲಿದೆ, ನಸ್ರೀನಳ ತಾಯಿ ಅದರ ಮೇಲೆ ಮೊಮ್ಮಕ್ಕಳ ಬಟ್ಟೆ ರಫೂ ಮಾಡುತ್ತಾರೆ. ಈಗ ಹಾಲಿನ ಪ್ಯಾಕೆಟ್ಟನ್ನು ನಾನೂ ತೊಳೆಯುತ್ತೇನೆ, ಎರಡು ಸಲ ಮಾತ್ರ, ಮೂರಕ್ಕೆ ತಾಳ್ಮೆ ಸಾಲದು. ಗೌರಕ್ಕ ಹೋದ ದಿನ ಅಂಗಳದಲ್ಲಿ ಯಾರೋ ಕುಮಟೆಯಿಂದ ಹೊಸ ಸೀರೆ ತಂದು ಬಿಚ್ಚುತ್ತಿದ್ದರು. ನಾನು ಬೇಡವೆಂದು ಜಗಳ ಮಾಡಿದೆ. ತಲೆದಿಂಬಿನ ಕೆಳಗಿನ ಸೀರೆ ತಂದು, ಬಸ್ಸು ಹತ್ತಿ ಹೋದವರಿಗೆ ಮೊದಲು ಅದೇ ಕಾಣಲಿ ಎಂದು, ಹೊಲಿದ ಜಾಗ ಮೇಲೆ ಬರುವ ಹಾಗೆ ನಾನೇ ಅವಳಿಗೆ ಹೊದಿಸಿದೆ.