ಶಾಂಘೈಯ ಕೆಂಪು ಜೋಳ

ಜತ್ತ ಸೀಮೆಯ ನಮ್ಮ ಸೋನ್ಯಾಳದಲ್ಲಿ ಆಗ ಸಮುದ್ರ ಕಂಡವರು ಯಾರೂ ಇರಲಿಲ್ಲ. ನಾನು ಕಂಡಿದ್ದು ಇಪ್ಪತ್ತೆರಡರ ವಯಸ್ಸಿನಲ್ಲಿ, ಮುಂಬಯಿಯ ಖಾನಾವಳಿಯೊಂದರಲ್ಲಿ ಅಡುಗೆಗೆ ಸೇರಿದ ಮೇಲೆ. ಅಲ್ಲಿ ಊಟಕ್ಕೆ ಬರುತ್ತಿದ್ದ ಹಡಗಿನ ಗುಮಾಸ್ತರೊಬ್ಬರಿಗೆ ನನ್ನ ಕೈರುಚಿ ಹಿಡಿಸಿತು. ಪೂರ್ವದ ಬಂದರುಗಳಿಗೆ ಹೋಗುವ ಗುಜರಾತಿ ವ್ಯಾಪಾರಿಗಳಿಗೆ ಶಾಕಾಹಾರದ ಅಡುಗೆಯವನು ಬೇಕಾಗಿದ್ದ. ನಾನು ಹೂಂ ಅಂದೆ. ಮನೆಗೆ ಕಾಗದ ಬರೆದದ್ದು ಆಮೇಲೆ.

ಹಡಗು ಹತ್ತಿದ ಮೂರನೆಯ ದಿನ, ಬಾಯ್ಲರಿಗೆ ಕಲ್ಲಿದ್ದಲು ಹಾಕುವವರ ಸಾಲಿನಲ್ಲಿ ಯಾರೋ ಕನ್ನಡದಲ್ಲಿ ಗೊಣಗುವುದು ಕೇಳಿಸಿತು. ಹೋಗಿ ಮಾತಾಡಿಸಿದೆ. ನಮ್ಮ ಸೀಮೆಯದೇ ಶೇಗಾಂವದ ಮುಸಲ್ಮಾನರು, ಐವತ್ತರ ಆಸುಪಾಸು. ಹೆಂಡತಿ ತೀರಿಕೊಂಡ ಮೇಲೆ ಊರು ಬಿಟ್ಟು ಹತ್ತು ವರ್ಷದಿಂದ ಹಡಗಿನಲ್ಲೇ ಇದ್ದರು. ಅಂದಿನಿಂದ ನಾನು ಅವರನ್ನು ಚಾಚಾ ಎಂದೆ, ಅವರು ನನ್ನನ್ನು ತಮ್ಮಾ ಎಂದರು. ನಾವು ಹೊರಟಿದ್ದ ಶಾಂಘೈಗೆ ಅವರು ಅದಾಗಲೇ ನಾಲ್ಕು ಸಲ ಹೋಗಿದ್ದರಂತೆ. ಊರು ಹೇಗಿದೆ ಎಂದು ಕೇಳಿದರೆ, ಹಡಗು ನಿಲ್ಲುವ ಧಕ್ಕೆಯ ಎದುರಿನ ಚಹಾದಂಗಡಿಯ ಆಚೆಗೆ ತಾವು ಹೋಗಿಲ್ಲ ಎಂದರು. ನನಗೆ ನಗು ಬಂತು, ಸಿಟ್ಟೂ ಬಂತು.

ಸ್ವಾತಂತ್ರ್ಯ ಬಂದ ಮರುವರ್ಷದ ಚಳಿಗಾಲ ಅದು. ಶಾಂಘೈ ಅಂದರೆ ಸಮುದ್ರದ ದಂಡೆಯ ಊರು ಎಂದುಕೊಂಡಿದ್ದೆ. ಹಡಗು ಕೆಸರು ಬಣ್ಣದ ನದಿಯೊಂದರೊಳಗೆ ಹೊಕ್ಕು ಬಹಳ ಹೊತ್ತು ನಡೆದ ಮೇಲೆ ಊರು ಕಾಣಿಸಿತು. ದಂಡೆಯುದ್ದಕ್ಕೂ ಕಲ್ಲಿನ ಎತ್ತರದ ಕಟ್ಟಡಗಳು. ನದಿಯಲ್ಲಿ ದೋಣಿಗಳು ಎಷ್ಟಿದ್ದವೆಂದರೆ, ಒಂದರಿಂದ ಒಂದಕ್ಕೆ ಕಾಲಿಡುತ್ತ ಆಚೆ ದಡ ಮುಟ್ಟಬಹುದಿತ್ತು. ಅವುಗಳಲ್ಲೇ ಸಂಸಾರ, ಅವುಗಳಲ್ಲೇ ಒಲೆ.

ಸರಕು ಇಳಿಸಿ ತುಂಬಲು ನಾಲ್ಕು ದಿನ ಬೇಕಿತ್ತು. ವ್ಯಾಪಾರಿಗಳು ಇಳಿದು ಹೋದರು, ನನಗೆ ಕೆಲಸವಿರಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಚಾಚಾನ ಬೆನ್ನು ಹತ್ತಿ ಹೊರಡಿಸಿದೆ. ಹಾದಿ ತಪ್ಪಿದರೆ ಯಾರನ್ನು ಕೇಳುತ್ತೀ ಎಂದು ಅವರು ದಾರಿಯುದ್ದಕ್ಕೂ ಕೇಳಿದರು. ನಾನು ಟ್ರಾಮಿನ ಕಂಬಿಗಳನ್ನು ತೋರಿಸಿ, ಇವುಗಳ ಜೊತೆಗೇ ಹೋಗಿ ಇವುಗಳ ಜೊತೆಗೇ ಬರೋಣ ಎಂದೆ. ಕಂಬಿ ಬಿಟ್ಟು ಗಲ್ಲಿ ಹೊಕ್ಕವನೂ ನಾನೇ.

ಏನು ನೋಡುವುದು, ಏನು ಬಿಡುವುದು! ಗಲ್ಲಿಯ ಈ ಮನೆಯಿಂದ ಆ ಮನೆಗೆ ಬಿದಿರಿನ ಗಳ ಹಾಕಿ ಅರಿವೆ ಒಣಗಿಸಿದ್ದರು. ಮುದುಕನೊಬ್ಬ ಪಂಜರದೊಳಗಿನ ಹಕ್ಕಿಯನ್ನು ಗಾಳಿಗೆ ಕರೆದುಕೊಂಡು ಹೊರಟಿದ್ದ. ಒಂದು ಅಂಗಡಿಯಲ್ಲಿ ಕಾಯಿಸಿದ ನೀರನ್ನಷ್ಟೇ ಮಾರುತ್ತಿದ್ದರು. ಜನ ಪಾತ್ರೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ಬರೇ ನೀರು ಮಾರಿ ಹೇಗೆ ಬದುಕುತ್ತಾರೆ ಎಂದು ಚಾಚಾ ಅಲ್ಲಿ ಸುಮಾರು ಹೊತ್ತು ನಿಂತರು. ಆಮೇಲೆ, ಮನೆಮನೆಯಲ್ಲಿ ಒಲೆ ಹಚ್ಚುವುದು ತಪ್ಪುತ್ತದಲ್ಲ, ಕಲ್ಲಿದ್ದಲು ಉಳಿಯುತ್ತದೆ ಎಂದು ತಾವೇ ಲೆಕ್ಕ ಹಾಕಿ ಮೆಚ್ಚಿಕೊಂಡರು. ಅಲ್ಲಿಂದ ಮುಂದೆ ಅವರೇ ಮುಂದು.

ಗೋದಾಮೊಂದರ ಬಾಗಿಲಲ್ಲಿ ಪಗಡಿ ಸುತ್ತಿದ ಸರ್ದಾರಜಿಯೊಬ್ಬರು ಕಾವಲಿಗೆ ಕುಳಿತಿದ್ದರು. ನಮ್ಮ ಹಿಂದೂಸ್ತಾನಿ ಕೇಳಿ ಎದ್ದು ನಿಂತರು. ಅವರ ಪಕ್ಕದಲ್ಲೇ ಕಾಳಿನ ಸಣ್ಣ ಅಂಗಡಿ. ಅಕ್ಕಿಯ ಬುಟ್ಟಿಗಳ ಹಿಂದೆ, ಮೂಲೆಯ ಒಂದು ಬುಟ್ಟಿಯಲ್ಲಿ ಕೆಂಪು ಕಾಳು ಕಂಡಿತು. ನಾಲ್ಕು ಕಾಳು ತೆಗೆದು ಅಂಗೈಯಲ್ಲಿ ಹಾಕಿಕೊಂಡೆ.

"ಚಾಚಾ, ಇದು ನಮ್ಮ ಜ್ವಾಳ ಅಲ್ಲೇನ್ರಿ?"

ಅವರು ಒಂದು ಕಾಳು ಹಲ್ಲಿಗೆ ಹಾಕಿ ಕಡಿದರು. "ಜ್ವಾಳನ ಐತಿ. ಕೆಂಪ ಜ್ವಾಳ. ಈ ಅಕ್ಕಿ ಊರಾಗ ಇದನ್ನ ತಿನ್ನಾವ್ರು ಯಾರ ಅದಾರ?"

ತಿನ್ನುವವರು ಒಳಗಿನಿಂದ ಬಂದರು. ಅಂಗಡಿಯವನ ತಾಯಿ, ಎಪ್ಪತ್ತು ದಾಟಿದವರು. ಚಿಕ್ಕಂದಿನಲ್ಲೇ ಬಟ್ಟೆ ಬಿಗಿದು ಬೆಳೆಯಗೊಡದ ಪಾದಗಳು ಗೇಣಿಗಿಂತ ಚಿಕ್ಕವು, ಗೋಡೆ ಹಿಡಿದು ನಡೆಯುತ್ತಿದ್ದರು. ಸರ್ದಾರಜಿ ತಮಗೆ ತಿಳಿದಷ್ಟು ಚೀನೀ ಮಾತಿನಲ್ಲಿ ಕೇಳಿ ಹೇಳಿದರು: ಇವರು ಉತ್ತರದ ಹಳ್ಳಿಯವರು, ಅಲ್ಲಿ ಯುದ್ಧ ಬಂದು ಹೊಲಮನೆ ಬಿಟ್ಟು ಬಂದಿದ್ದಾರೆ, ಅನ್ನ ಉಂಡರೆ ಇವರಿಗೆ ಉಂಡಂತೆ ಆಗುವುದಿಲ್ಲ, ಅದಕ್ಕೆ ಮಗ ಈ ಕಾಳು ತರಿಸುತ್ತಾನೆ. ನಮ್ಮೂರಲ್ಲೂ ಇದೇ ತಿನ್ನುತ್ತೇವೆಂದು ಹೇಳಿ ಎಂದೆ. ಮುದುಕಿ ನಂಬಲಿಲ್ಲ. ನಾನು ಎರಡೂ ಕೈಯಿಂದ ಗಾಳಿಯಲ್ಲೇ ರೊಟ್ಟಿ ಬಡಿದು ತೋರಿಸಿದೆ. ಅವರು ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು.

ಅಡುಗೆಯ ಜಾಗದಲ್ಲಿ ಮೂರು ಕಾಲಿನ ದುಂಡನೆಯ ಕಬ್ಬಿಣದ ಹಂಚು ಇತ್ತು. ನಡುವೆ ತುಸು ಉಬ್ಬಿದ್ದು, ನಮ್ಮ ಹಂಚನ್ನು ಬೋರಲು ಹಾಕಿದಂತೆ. ಊರು ಬಿಡುವಾಗ ಹೊತ್ತು ತಂದದ್ದು ಅದೊಂದೇ ಪಾತ್ರೆ ಎಂದು ಹಿಂದೆಯೇ ಬಂದ ಸರ್ದಾರಜಿ ಹೇಳಿದರು. ಅದರ ಮೇಲೆ ಮುದುಕಿ ಹಿಟ್ಟನ್ನು ತೆಳ್ಳಗೆ ಕದಡಿ, ದೋಸೆಯಂತೆ ಹರಡುತ್ತಿದ್ದರು.

ಒಂದು ಬೋಗುಣಿ ಹಿಟ್ಟನ್ನು ನನ್ನ ಮುಂದಿಟ್ಟರು. ನಾನು ಅಡುಗೆಯವನೆಂಬ ಜಂಬದಿಂದ ಕುಳಿತೆ. ಹಿಟ್ಟಿಗೆ ಜಿಗುಟೇ ಇಲ್ಲ. ಬಡಿದ ಕೂಡಲೇ ಅಂಚು ಸೀಳಿತು, ಎತ್ತಿದರೆ ಕೈಯಲ್ಲೇ ಮೂರು ತುಂಡಾಯಿತು. ಎರಡನೆಯದೂ ಹಾಗೆಯೇ. ಮುದುಕಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನ್ನ ಮುಖ ಬಿಸಿಯಾಯಿತು.

"ಏಳ ತಮ್ಮಾ," ಎಂದರು ಚಾಚಾ. "ನೀ ಶೇಠಗೋಳಿಗೆ ಫುಲಕಾ ಮಾಡಾಂವ. ಇದು ನಿನ್ನ ಕೈಗೆ ಬಗ್ಗೂದಲ್ಲ."

ಅವರು ತೋಳು ಮಡಚಿ, ಬೂದಿ ಕಲೆಯ ಕೈಗಳನ್ನು ಎರಡೆರಡು ಸಲ ತೊಳೆದು ಕುಳಿತರು. ಕುದಿಯುವ ನೀರು ಸುರಿದು, ಸೌಟಿನಿಂದ ತಿರುವಿ, ಸ್ವಲ್ಪ ಆರಿದ ಮೇಲೆ ಅಂಗೈ ಬುಡದಿಂದ ಬಹಳ ಹೊತ್ತು ನಾದಿದರು. ಆಮೇಲೆ ಬಡಿಯತೊಡಗಿದರು. ಕಲ್ಲಿದ್ದಲಿನ ಸಲಿಕೆ ಹಿಡಿಯುವ ಆ ಕೈಗಳು ಅಷ್ಟು ಹಗುರವಾಗಿ ಬೀಳುತ್ತವೆಂದು ನಾನು ಎಣಿಸಿರಲಿಲ್ಲ. ರೊಟ್ಟಿ ದುಂಡಗಾಯಿತು, ಒಡೆಯಲಿಲ್ಲ. ಉಬ್ಬಿದ ಹಂಚಿನ ಮೇಲೆ ಅದು ಛತ್ರಿಯ ಹಾಗೆ ಬಾಗಿ ಕುಳಿತಿತು. ಎಲ್ಲಿ ಕಲಿತಿರಿ ಎಂದು ಕೇಳಿದೆ.

"ಆಕಿ ಎರಡು ವರ್ಷ ಹಾಸಿಗಿ ಹಿಡದಿದ್ದಳು," ಎಂದರು. "ಮಲಕೊಂಡಲ್ಲಿಂದನ ಹೇಳತಿದ್ದಳು, ನಾ ಬಡೀತಿದ್ದೆ."

ಹಡಗಿನಲ್ಲಿ ಅಷ್ಟು ದಿನ ಜೊತೆಗಿದ್ದರೂ, ತೀರಿಕೊಂಡಳು ಎಂದದ್ದು ಬಿಟ್ಟರೆ ಹೆಂಡತಿಯ ಮಾತನ್ನು ಅವರು ಎತ್ತಿದ್ದು ಅಂದೇ ಮೊದಲು.

ಮುದುಕಿ ರೊಟ್ಟಿ ಮುರಿದು, ಬುಟ್ಟಿಯಿಂದ ಉದ್ದನೆಯ ಹಸಿ ಈರುಳ್ಳಿ ದಂಟು ತೆಗೆದು, ಒಂದು ಕಡೆಯಿಂದ ರೊಟ್ಟಿ, ಇನ್ನೊಂದು ಕಡೆಯಿಂದ ಈರುಳ್ಳಿ ಕಡಿದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮ ಹೊಲದ ಬದುವಿನಲ್ಲಿ ಕುಳಿತವರು ಹೀಗೆಯೇ ತಿನ್ನುತ್ತಾರೆ. ಚಾಚಾ ಕೈ ಚಾಚಿ ತಮಗೂ ಒಂದು ದಂಟು ಕೇಳಿದರು. ಮೂವರೂ ತಿಂದೆವು. ರುಚಿ ಸ್ವಲ್ಪ ಒಗರು. ಹೊರಟಾಗ ಮುದುಕಿ ಚಾಚಾನ ತೋಳು ಹಿಡಿದು ಉದ್ದನೆಯ ಮಾತೊಂದನ್ನು ಎರಡು ಸಲ ಹೇಳಿದರು. ಸರ್ದಾರಜಿ ಆಗಲೇ ಗೋದಾಮಿನ ಬಾಗಿಲಿಗೆ ಮರಳಿದ್ದರು, ಅರ್ಥ ಹೇಳುವವರಿರಲಿಲ್ಲ.

ನಮ್ಮ ಹಡಗು ಮತ್ತೆ ಅಲ್ಲಿಗೆ ಹೋಗಲಿಲ್ಲ. ಒಂದೆರಡು ವರ್ಷದಲ್ಲಿ ಇಬ್ಬರೂ ಹಡಗು ಬಿಟ್ಟೆವು. ನಾನು ಜತ್ತದಲ್ಲಿ ಖಾನಾವಳಿ ಹಾಕಿದೆ, ಚಾಚಾ ಶೇಗಾಂವದಲ್ಲಿ ಚಹಾದಂಗಡಿ ಇಟ್ಟರು. ಊರಿನವರು ಶಾಂಘೈಯ ಕಟ್ಟಡ, ಟ್ರಾಮು, ಪಂಜರದ ಹಕ್ಕಿ ಎಲ್ಲವನ್ನೂ ನಂಬಿದರು. ಚೀನಾದವರು ಜೋಳ ತಿನ್ನುತ್ತಾರೆ ಅಂದರೆ ಮಾತ್ರ ಯಾರೂ ನಂಬಲಿಲ್ಲ. ನಮ್ಮವ್ವನೂ ಅಷ್ಟೇ. ನಾನು ಹಡಗಿನಲ್ಲಿ ಅಡುಗೆ ಮಾಡಿ ಮಾಡಿ ಕತೆ ಕಟ್ಟುವುದನ್ನು ಕಲಿತೆ ಎಂದಳು.

ಒಂದು ಸಲ ಆ ಕಡೆಯ ಯಳವಿ ಎಂಬ ಊರಿಗೆ ಹೋದವನು ಚಾಚಾನ ಅಂಗಡಿಗೂ ಹೋದೆ. ಗಿರಾಕಿಗಳಿರಲಿಲ್ಲ. ನನ್ನ ಮುಂದೆ ಚಹಾ ಇಟ್ಟು ಅವರು ಕೇಳಿದರು, "ಆ ಮುದುಕಿ ತನ್ನ ಹಳ್ಳಿಗೆ ತಿರುಗಿ ಹೋಗಿರಬೇಕೇನೋ ತಮ್ಮಾ?"

ನನಗೆ ಹೇಗೆ ಗೊತ್ತಾಗಬೇಕು ಎಂದೆ.

"ಹೋಗಿರಬೇಕು," ಎಂದು ಅವರೇ ಹೇಳಿ, ನನಗಾಗಿ ಇನ್ನೊಂದು ಕಪ್ ಚಹಾಕ್ಕೆ ನೀರಿಟ್ಟರು.